ಲೇಸರ್ ಒಂದೇ, ಕೆಲಸ ಬೇರೆ ಬೇರೆ

‘ಮೇಷ್ಟ್ರೇ, ಮಗಳಿಗೆ ಲೇಸರ್ ಮಾಡಿಸಿ ಕನ್ನಡಕ ತೆಗೆಸಿದಿರಿ. ನೀವು ಮಾತ್ರ ಇನ್ನೂ ದಿನಾ ರಾತ್ರಿ ಹನಿ ಹಾಕ್ಕೊಂಡು ಕೂತಿದ್ದೀರಲ್ಲ! ನೀವೂ ಒಂದ್ಸಲ ಲೇಸರ್ ಮಾಡಿಸ್ಕೊಂಡುಬಿಡಿ, ಮುಗೀತು.’

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಸಂಜೆಯ ನಡಿಗೆಗೆ ನನ್ನ ಜೊತೆಯಾಗುವ ನೆರೆಯವರು ಈಚೆಗೆ ಹೇಳಿದ ಮಾತಿದು. ಅದರಲ್ಲಿದ್ದುದು ನಿಷ್ಕಪಟ ಕಾಳಜಿ. ಆದರೂ ನನಗೆ ನಗು ಬರಲಿಲ್ಲ. ಆ ಮಾತಿನ ಒಳಗೆ ಎರಡು ತಪ್ಪು ತಿಳಿವಳಿಕೆಗಳಿದ್ದವು. ಲೇಸರ್ ಎಂದರೆ ಒಂದೇ ಚಿಕಿತ್ಸೆ ಎಂಬುದು ಮೊದಲನೆಯದು. ಕಣ್ಣಿನ ಕಾಯಿಲೆ ಯಾವುದೇ ಇರಲಿ, ಒಮ್ಮೆ ಚಿಕಿತ್ಸೆಯಾದರೆ ಹೋದ ದೃಷ್ಟಿ ಮರಳುತ್ತದೆ ಎಂಬುದು ಎರಡನೆಯದು. ಈ ಎರಡನೆಯ ನಂಬಿಕೆಗೆ ನಮ್ಮ ಮನೆ ದೊಡ್ಡ ಬೆಲೆಯನ್ನೇ ತೆತ್ತಿದೆ.

ನನ್ನ ತಾಯಿ ಗುಬ್ಬಿ ತಾಲ್ಲೂಕಿನ ಹಳ್ಳಿಯವರು. 1980ರ ದಶಕದ ಕೊನೆಯಲ್ಲಿ ಅವರು ಹೊಸ್ತಿಲು ಎಡವತೊಡಗಿದರು. ಪಕ್ಕದಲ್ಲಿ ಬಂದು ನಿಂತವರು ಮಾತನಾಡಿಸುವವರೆಗೂ ಅವರಿಗೆ ತಿಳಿಯುತ್ತಿರಲಿಲ್ಲ. ‘ಪೊರೆ ಬರ್ತಾ ಇದೆ, ಬಲೀಲಿ ಬಿಡಿ. ಆಮೇಲೆ ಕ್ಯಾಂಪಿನಲ್ಲಿ ತೆಗೆಸಿದ್ರಾಯ್ತು’ ಎಂದು ಊರು ಹೇಳಿತು, ನಾವೂ ನಂಬಿದೆವು. ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ನೇತ್ರ ಶಿಬಿರ ನಡೆಸಿ ಅಸಂಖ್ಯ ಬಡವರ ಪೊರೆ ತೆಗೆದ ನಾಡು ಇದು. ಕುರುಡೆಂದರೆ ಪೊರೆ, ಪೊರೆ ತೆಗೆದರೆ ಬೆಳಕು ಎಂಬುದು ಜನಮನದಲ್ಲಿ ಆಳವಾಗಿ ಬೇರೂರಿತ್ತು. 2005ರಲ್ಲಿ ತೀರಿಕೊಂಡ ಆ ಮಹನೀಯರ ಉಪಕಾರವನ್ನು ಯಾರೂ ಮರೆಯಲಾಗದು. ಆದರೆ ಪೊರೆಯ ಹೆಸರಿನ ಮರೆಯಲ್ಲಿ ಬೇರೊಂದು ಕಾಯಿಲೆ ಅಡಗಿ ಕೂತಿದ್ದುದು ನಮಗೆ ತಿಳಿಯಲಿಲ್ಲ. ಮೂರು ವರ್ಷ ಕಾದು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಹೇಳಿದ್ದಿಷ್ಟೆ: ‘ಪೊರೆ ಸ್ವಲ್ಪ ಇದೆ. ಆದರೆ ದೃಷ್ಟಿನರವೇ ಒಣಗಿಹೋಗಿದೆ. ಇದು ಗ್ಲಾಕೋಮಾ.’ ಅಮ್ಮ ತಮ್ಮ ಕೊನೆಯ ಹನ್ನೊಂದು ವರ್ಷ ಗೋಡೆ ಹಿಡಿದೇ ನಡೆದರು.

ಗ್ಲಾಕೋಮಾವನ್ನು ನಾನು ಅರ್ಥ ಮಾಡಿಕೊಂಡಿದ್ದು ನಮ್ಮ ಜಿಲ್ಲೆಯ ಕೆರೆಗಳ ಮೂಲಕ. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿಯಾದ ದ್ರವ ಸದಾ ಉತ್ಪತ್ತಿಯಾಗಿ, ಕಾರ್ನಿಯಾ ಎಂಬ ಪಾರದರ್ಶಕ ಪಟಲವೂ ಐರಿಸ್ ಎಂಬ ಬಣ್ಣದ ಪಟಲವೂ ಕೂಡುವ ಕೋನದಲ್ಲಿನ ಸೂಕ್ಷ್ಮ ಜಾಲರಿಯ ಮೂಲಕ ಹೊರಹರಿಯುತ್ತದೆ. ಒಳಹರಿವು ಇದ್ದಷ್ಟೇ ಇದ್ದು ತೂಬು ಕಟ್ಟಿಕೊಂಡರೆ ಕೆರೆಯ ಏರಿಯ ಮೇಲೆ ಒತ್ತಡ ಹೆಚ್ಚುತ್ತದಲ್ಲವೆ? ಹಾಗೆಯೇ ಇಲ್ಲಿಯೂ. ಆ ಒತ್ತಡದ ಪೆಟ್ಟು ಬೀಳುವುದು ಕಣ್ಣಿನ ಹಿಂಬದಿಯ ದೃಷ್ಟಿನರದ ಮೇಲೆ. ಸುಮಾರು ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ಆ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ.

ಈ ಕಾಯಿಲೆಯ ಕಪಟವಿರುವುದು ಅದರ ಮೌನದಲ್ಲಿ. ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಕುಗ್ಗುವುದು ಅಂಚಿನ ದೃಷ್ಟಿ. ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ರೋಗಿ ಪತ್ರಿಕೆ ಓದುತ್ತಲೇ ಕುರುಡಾಗುತ್ತಿರುತ್ತಾನೆ. ಕೋನ ಥಟ್ಟನೆ ಮುಚ್ಚಿಕೊಳ್ಳುವ ಬಗೆಯಲ್ಲಿ ಮಾತ್ರ ತೀವ್ರ ನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಾಣಿಸುತ್ತವೆ. ಅದು ಅಂದೇ ಆಸ್ಪತ್ರೆಗೆ ಧಾವಿಸಬೇಕಾದ ಸ್ಥಿತಿ. ನಲವತ್ತು ದಾಟಿದ ಭಾರತೀಯರಲ್ಲಿ ಸುಮಾರು 1.12 ಕೋಟಿ ಮಂದಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಅಂದಾಜಿಸಲಾಗಿತ್ತು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ರೋಗ ಪತ್ತೆಯಾದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ.

ತಾಯಿಯ ಸ್ಥಿತಿ ಕಂಡಿದ್ದ ನಾನಾದರೂ ಎಚ್ಚರವಾಗಿದ್ದೆನೆ? ಇಲ್ಲ. ನಲವತ್ತರಿಂದ ಐವತ್ತೆರಡರವರೆಗೆ ಓದುವ ಕನ್ನಡಕವನ್ನು ನಾಲ್ಕು ಸಲ ಬದಲಿಸಿದೆ. ಪ್ರತಿ ಸಲವೂ ಕನ್ನಡಕದ ಅಂಗಡಿಯಲ್ಲೇ. ಅಲ್ಲಿ ಪವರ್ ನೋಡಿದರೇ ಹೊರತು ಯಾರೂ ಕಣ್ಣಿನ ನರ ನೋಡಲಿಲ್ಲ; ನೋಡಿಸಬೇಕೆಂದು ನನಗೂ ಹೊಳೆಯಲಿಲ್ಲ. ಕೊನೆಗೆ ಸಕ್ಕರೆ ಕಾಯಿಲೆಯ ನೆಪದಲ್ಲಿ ಅಕ್ಷಿಪಟಲ ಪರೀಕ್ಷಿಸಿದ ವೈದ್ಯರು ರೋಗವನ್ನು ಹಿಡಿದರು. ಆ ದಿನ ನನ್ನ ಕಣ್ಣೊತ್ತಡ 19 ಇತ್ತು. 10ರಿಂದ 21 ಮಿಲಿಮೀಟರ್ ಪಾದರಸದವರೆಗೆ ಸಹಜವೆನ್ನುತ್ತಾರೆ. ಹಾಗಿದ್ದರೆ ರೋಗ ಹೇಗೆ? ನನ್ನ ಕಾರ್ನಿಯಾ ಸಾಮಾನ್ಯಕ್ಕಿಂತ ತೆಳು ಎಂದರು ವೈದ್ಯರು. ಒತ್ತಡ ಅಳೆಯುವ ಉಪಕರಣ ಕಾರ್ನಿಯಾವನ್ನು ಒತ್ತಿ ನೋಡುತ್ತದೆ. ಪಟಲ ತೆಳುವಾದಷ್ಟೂ ಅದು ಸುಲಭವಾಗಿ ಮಣಿಯುತ್ತದೆ. ಅಂಕಿ ನಿಜಕ್ಕಿಂತ ಕಡಿಮೆ ತೋರುತ್ತದೆ. ಒತ್ತಡದ ಅಂಕಿಯೊಂದನ್ನೇ ನಂಬಿ ಗ್ಲಾಕೋಮಾ ಇಲ್ಲವೆನ್ನಲಾಗದು. ದೃಷ್ಟಿನರವನ್ನೂ ದೃಷ್ಟಿಕ್ಷೇತ್ರವನ್ನೂ ಪರೀಕ್ಷಿಸಲೇಬೇಕು.

ಈ ಪಾಠ ಮಗಳ ವಿಷಯದಲ್ಲಿ ಉಪಯೋಗಕ್ಕೆ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳಿಗೆ ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ. ಕನ್ನಡಕದ ಹುಡುಗಿಯೆಂದು ಗಂಡಿನ ಕಡೆಯವರು ಮುಖ ತಿರುಗಿಸಿದ್ದೂ ಉಂಟು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ‘ಅವರಿಗೋಸ್ಕರ ಅಲ್ಲಪ್ಪ, ನನಗೇ ಸಾಕಾಗಿದೆ’ ಎಂದಳು. ಮೊದಲು ಹೋದ ಚಿಕಿತ್ಸಾಲಯದಲ್ಲಿ ರಿಯಾಯಿತಿ ದರ ಹೇಳಿದರು, ದಿನಾಂಕವನ್ನೂ ಕೊಟ್ಟರು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ ಎಂದು ಮಾತ್ರ ಕೇಳಲಿಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಈ ರೋಗವಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು; ಮೈನಸ್ ಪವರ್ ಹೆಚ್ಚಿರುವವರಿಗೂ ಅಪಾಯ ಅಧಿಕ. ನನ್ನ ಮಗಳಿಗೆ ಎರಡೂ ಇದ್ದವು.

ಲೇಸಿಕ್ ಚಿಕಿತ್ಸೆಯನ್ನು ನಾನು ದೂರುತ್ತಿಲ್ಲ. ಅದರ ಮೂಲದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿಯ ಶ್ರಮವೂ ಇದೆ. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಅವರೂ ಸಂಗಡಿಗರೂ 1981ರಲ್ಲಿ, ಎಕ್ಸೈಮರ್ ಎಂಬ ಅತಿನೇರಳೆ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಕೋಶಗಳ ಪದರವನ್ನು ಕೆತ್ತಬಲ್ಲದೆಂದು ಕಂಡುಕೊಂಡರು. ಲೇಸಿಕ್ ಮಾಡುವುದೂ ಅದನ್ನೇ: ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಒಳಭಾಗವನ್ನು ಕೆತ್ತಿ, ಬೆಳಕು ಅಕ್ಷಿಪಟಲದ ಮೇಲೆ ಸರಿಯಾಗಿ ಕೂಡುವಂತೆ ಮಾಡುವುದು. ಮೈನಸ್ ಪವರ್ ತಗ್ಗಿಸಲು ಪ್ರತಿ ಒಂದು ಪವರ್‌ಗೆ ಸುಮಾರು 12ರಿಂದ 15 ಮೈಕ್ರಾನ್ ಕೆತ್ತಬೇಕಾಗುತ್ತದೆ. ಸಾಮಾನ್ಯ ಕಾರ್ನಿಯಾದ ನಡುವಿನ ದಪ್ಪವೇ ಸುಮಾರು 540 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು.

ತೊಡಕು ಇಲ್ಲಿಯೇ ಇದೆ. ಲೇಸಿಕ್ ಆದ ಮೇಲೆ ಕಾರ್ನಿಯಾ ತೆಳುವಾಗುತ್ತದೆ. ಒತ್ತಡದ ಅಂಕಿ ಇಳಿಯುತ್ತದೆ. ಇಳಿಯುವುದು ಅಂಕಿ ಮಾತ್ರ, ಒತ್ತಡವಲ್ಲ. ಇಪ್ಪತ್ತೈದರಲ್ಲಿ ಲೇಸಿಕ್ ಮಾಡಿಸಿಕೊಂಡವರು ನಲವತ್ತೈದರಲ್ಲಿ ಪರೀಕ್ಷೆಗೆ ಹೋದಾಗ ಹಳೆಯ ಚಿಕಿತ್ಸೆಯ ಮಾತೆತ್ತದಿದ್ದರೆ, ಹೊಸ ವೈದ್ಯರು ‘ಒತ್ತಡ ಸರಿಯಾಗಿದೆ’ ಎಂದು ಮೋಸ ಹೋಗುವ ಸಂಭವವಿದೆ. ಕನ್ನಡಕ ಹೋದರೂ ಸಮೀಪದೃಷ್ಟಿಯ ನೀಳ ಕಣ್ಣು ನೀಳವಾಗಿಯೇ ಉಳಿಯುತ್ತದೆ. ಅದರ ಅಪಾಯವೂ ಹಾಗೆಯೇ. ಚಿಕಿತ್ಸೆಯ ನಂತರ ಕೊಡುವ ಸ್ಟಿರಾಯ್ಡ್ ಹನಿ ಕೆಲವರಲ್ಲಿ ಒತ್ತಡವನ್ನು ಏರಿಸುತ್ತದೆ. ಕಣ್ಣು ಕೆರೆತಕ್ಕೆಂದು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಹನಿಗಳಲ್ಲೂ ಸ್ಟಿರಾಯ್ಡ್ ಇರಬಹುದೆಂಬುದನ್ನು ಮರೆಯಬಾರದು.

ಎರಡನೆಯ ಆಸ್ಪತ್ರೆಯಲ್ಲಿ ಮಗಳ ದೃಷ್ಟಿನರ, ಕೋನ, ದೃಷ್ಟಿಕ್ಷೇತ್ರ ಎಲ್ಲವನ್ನೂ ನೋಡಿದರು. ಪುಣ್ಯಕ್ಕೆ ಅವಳ ಕಾರ್ನಿಯಾ 548 ಮೈಕ್ರಾನ್, ನರ ಆರೋಗ್ಯವಾಗಿತ್ತು. ಎಲ್ಲವನ್ನೂ ವಿವರಿಸಿ, ನಿರ್ಧಾರವನ್ನು ಅವಳಿಗೇ ಬಿಟ್ಟರು. ಅವಳು ಮಾಡಿಸಿಕೊಂಡಳು. ಮೊದಲು 16 ಇದ್ದ ಒತ್ತಡ ಆಮೇಲೆ 12 ತೋರಿಸಿತು. ‘ಈ 12ನ್ನು ನಂಬಬೇಡಿ, ಈ ಹಳೆಯ ಕಾಗದವನ್ನು ಕಳೆಯಬೇಡಿ’ ಎಂದರು ವೈದ್ಯರು.

ಇನ್ನು ನೆರೆಯವರ ಸಲಹೆ. ಗ್ಲಾಕೋಮಾಕ್ಕೂ ಲೇಸರ್ ಇದೆ, ಆದರೆ ಅದರ ಕೆಲಸ ಬೇರೆ. ಕೋನ ಮುಚ್ಚುವ ಬಗೆಯಲ್ಲಿ ಯಾಗ್ ಲೇಸರಿನಿಂದ ಐರಿಸ್‌ನಲ್ಲಿ ಸಣ್ಣ ರಂಧ್ರ ಮಾಡಿ ದ್ರವಕ್ಕೆ ದಾರಿ ಕೊಡುತ್ತಾರೆ. ಕೋನ ತೆರೆದಿರುವ ಬಗೆಯಲ್ಲಿ ಎಸ್‌ಎಲ್‌ಟಿ ಎಂಬ ಲೇಸರಿನಿಂದ ಜಾಲರಿಯ ಹರಿವನ್ನು ಹೆಚ್ಚಿಸುತ್ತಾರೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಮೊದಲಿಗೇ ಎಸ್‌ಎಲ್‌ಟಿ ಪಡೆದವರಲ್ಲಿ ಸುಮಾರು ಮುಕ್ಕಾಲು ಭಾಗ ಮಂದಿಗೆ ಮೂರು ವರ್ಷದವರೆಗೂ ಹನಿ ಬೇಕಾಗಲಿಲ್ಲ. ಆದರೆ ಅದರ ಪರಿಣಾಮ ವರ್ಷಗಳಲ್ಲಿ ಕುಂದಬಹುದು, ಎಲ್ಲರಿಗೂ ಒಗ್ಗುವುದಿಲ್ಲ. ಯಾವ ಲೇಸರೂ, ಯಾವ ಶಸ್ತ್ರಚಿಕಿತ್ಸೆಯೂ ಹೋದ ದೃಷ್ಟಿಯನ್ನು ತರುವುದಿಲ್ಲ. ಉಳಿದದ್ದನ್ನು ಕಾಯುತ್ತದೆ, ಅಷ್ಟೆ. ಪುನೀತ್ ರಾಜಕುಮಾರ್ ಅವರು 2021ರಲ್ಲಿ ನಿಧನರಾದಾಗ ಅವರ ನೇತ್ರದಾನ ನಾಲ್ವರಿಗೆ ಬೆಳಕಾಯಿತೆಂದು ಓದಿದವರು, ‘ನಿಮಗೂ ದಾನದ ಕಣ್ಣು ಹಾಕಿಸಬಹುದಲ್ಲ’ ಎಂದು ನನ್ನನ್ನು ಕೇಳಿದ್ದರು. ಅಲ್ಲಿ ಕಸಿ ಮಾಡುವುದು ಕಾರ್ನಿಯಾವನ್ನು ಮಾತ್ರ. ದೃಷ್ಟಿನರವನ್ನು ಕಸಿ ಮಾಡುವ ವಿದ್ಯೆ ಇನ್ನೂ ಕೈಗೂಡಿಲ್ಲ.

ಹಾಗಾಗಿ ನನಗೆ ಹನಿಯೇ ಗತಿ. ಅದು ರಕ್ತದೊತ್ತಡದ ಮಾತ್ರೆಯಂತೆ ಜೀವನಪರ್ಯಂತ. ಹಾಕಿಕೊಂಡರೆ ನೋಟ ಹೆಚ್ಚುವುದಿಲ್ಲ, ಬಿಟ್ಟರೆ ಅಂದೇ ಕೆಡುವುದೂ ಇಲ್ಲ. ಬಹಳ ಮಂದಿ ನಡುವೆಯೇ ನಿಲ್ಲಿಸುವುದು ಇದೇ ಕಾರಣಕ್ಕೆ. ಟಿಮೊಲಾಲ್‌ನಂಥ ಹನಿ ಉಬ್ಬಸ ಇರುವವರಿಗೆ ಅಪಾಯಕಾರಿ. ಆದ್ದರಿಂದ ನೆರೆಯವರ ಹನಿಯನ್ನು ತಾನೂ ಹಾಕಿಕೊಳ್ಳುವ ಉದಾರತೆ ಬೇಡ.

ಪ್ರತಿ ಮಾರ್ಚ್ ತಿಂಗಳಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹ ಆಚರಿಸಲಾಗುತ್ತದೆ. ಆ ವಾರದ ಫಲಕಗಳು ಇಳಿದ ಮೇಲೂ ಕೆಲವು ಕೆಲಸಗಳು ನಡೆಯಬೇಕು. ಪೊರೆ ಶಿಬಿರಗಳಲ್ಲಿ ದೃಷ್ಟಿನರದ ಪರೀಕ್ಷೆ ಕಡ್ಡಾಯವಾಗಲಿ. ಲೇಸಿಕ್ ಮಾಡುವವರು ಕುಟುಂಬದ ಚರಿತ್ರೆ ಕೇಳಲಿ. ಚಿಕಿತ್ಸೆಗೆ ಮುಂಚಿನ ಒತ್ತಡ, ಕಾರ್ನಿಯಾದ ದಪ್ಪ, ಪವರ್ ಈ ಮೂರನ್ನೂ ಬರೆದುಕೊಡಲಿ. ನಲವತ್ತು ದಾಟಿದವರು ಕನ್ನಡಕದ ಅಂಗಡಿಗೆ ಹೋಗುವ ಮುನ್ನ ಕಣ್ಣಿನ ವೈದ್ಯರಲ್ಲಿಗೆ ಹೋಗಲಿ. ಮನೆಯಲ್ಲಿ ಒಬ್ಬರಿಗೆ ರೋಗವಿದ್ದರೆ ಉಳಿದವರು ಇನ್ನೂ ಬೇಗ ಹೋಗಲಿ.

ಮಗಳ ಆ ಕಾಗದವನ್ನು ನಾನು ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಯಲ್ಲೇ ಇರಿಸಿದ್ದೇನೆ. ಅಂಕಪಟ್ಟಿಯನ್ನು ಇನ್ನು ಯಾರೂ ಕೇಳಲಾರರು. ಈ ಕಾಗದವನ್ನು ಇಪ್ಪತ್ತು ವರ್ಷದ ಮೇಲೆ, ಬಹುಶಃ ನಾನಿಲ್ಲದ ಕಾಲದಲ್ಲಿ, ಯಾರೋ ಒಬ್ಬ ವೈದ್ಯರು ಕೇಳಬೇಕಾಗುತ್ತದೆ. ಅವರು ಕೇಳದಿದ್ದರೂ ನೀನೇ ತೋರಿಸು ಎಂದು ಅವಳಿಗೆ ಹೇಳಿದ್ದೇನೆ.