ಸ್ಯಾನ್ ಫ್ರಾನ್ಸಿಸ್ಕೊದಿಂದ ಶಿರಸಿಗೆ ಎಷ್ಟು ಹೊತ್ತು?

ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಗೆ ಸೀಟು ಸಿಕ್ಕಿದ ಮೇಲೆ ನಾನು ಮೊಬೈಲ್‌ನಲ್ಲಿ ಹೆಚ್ಚು ಹುಡುಕಿದ್ದು ಫೀಸಿನ ವಿವರವನ್ನಲ್ಲ, ದೂರವನ್ನು. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 14,000 ಕಿ.ಮೀ. ಹುಡುಕಿಸಿದ್ದು ಅಮ್ಮ. ಹೋದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ. 'ಅಪ್ಪನಿಗೆ ಏನಾದ್ರೂ ಆದ್ರೆ ಎಷ್ಟು ಹೊತ್ತಿಗೆ ಮನೆಗೆ ಬರ್ತೀಯ?' ಎಂದು ಕೇಳಿದಳು. 'ಒಂದು ದಿನ' ಎಂದು ಬಾಯಿಮಾತಿಗೆ ಹೇಳಿಬಿಡಬಹುದಿತ್ತು. ಅವಳಿಗೆ ಲೆಕ್ಕ ಬೇಕಿತ್ತು. ಸೀಟು ಖಚಿತಪಡಿಸಲು ನನಗಿದ್ದದ್ದು ಹತ್ತೇ ದಿನ.

ಗೋಡೆಯ ನಕ್ಷೆ ನೋಡಿದರೆ ಜಪಾನ್ ದಾಟಿ ಪೆಸಿಫಿಕ್ ಸಾಗರದ ನಡುವೆ ಗೆರೆ ಎಳೆದರಾಯಿತು ಅನಿಸುತ್ತದೆ. ಭೂಮಿ ದುಂಡಗಿರುವುದರಿಂದ ಅದು ಹತ್ತಿರದ ದಾರಿಯಲ್ಲ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ದಾರ ಮೇಲಕ್ಕೆ ಸರಿದು ಚೀನಾ, ಸೈಬೀರಿಯಾ, ಅಲಾಸ್ಕದ ಕಡೆಯಿಂದ ಹೋಗುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಇನ್ನೂ ಮೇಲಕ್ಕೆ, ಉತ್ತರ ಧ್ರುವದ ದಾರಿಯಲ್ಲೇ ಬಂತು. ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ. ಸುಮಾರು 17 ಗಂಟೆ ಎಲ್ಲೂ ಇಳಿಯದೆ ಹಾರಿ 11ರ ನಸುಕಿಗೆ ಬೆಂಗಳೂರು ಮುಟ್ಟಿದರು.

ಹಾಗಾದರೆ 10ನೇ ತಾರೀಕು ಏನಾಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಅಲ್ಲಿಂದ ಬರುವವರಿಗೆ ಒಂದು ದಿನ ಹೆಚ್ಚುಕಡಿಮೆ ಮಾಯ. ಇಲ್ಲಿಂದ ಹೋಗುವವರಿಗೆ ಅದು ಬಡ್ಡಿಸಮೇತ ವಾಪಸ್: ಮಧ್ಯಾಹ್ನ ಹೊರಟರೆ ಅದೇ ದಿನ ಸಂಜೆಯೊಳಗೆ ಅಲ್ಲಿರಬಹುದು. ಗಾಳಿಯ ಪಾಲೂ ಇದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಹೋಗುತ್ತದೆ.

ಅಮ್ಮ ಇದನ್ನೆಲ್ಲ ಕೇಳಿ, 'ಅದು ವಿಮಾನದ್ದಾಯ್ತು, ಮನೆಯದ್ದು ಹೇಳು' ಎಂದಳು. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಕೂತೆವು. ರೂಮಿನಿಂದ ಏರ್‌ಪೋರ್ಟ್‌ಗೆ 1 ಗಂಟೆ. ಮೂರು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ 17. ಇಮಿಗ್ರೇಷನ್, ಬ್ಯಾಗು ಮುಗಿಸಿ ಹೊರಬರಲು ಒಂದೂವರೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೆ ಒಂದೂವರೆ. ಅಲ್ಲಿಂದ ಶಿರಸಿಗೆ ಬಸ್ಸಿನಲ್ಲಿ 9. ಒಟ್ಟು 33 ಗಂಟೆ, ಬಸ್ಸಿಗೆ ಕಾಯುವುದು ಬೇರೆ. ನೇರ ವಿಮಾನ ಸಿಗದೆ ನಡುವೆ ಎಲ್ಲೋ ಇಳಿದು ಹತ್ತುವುದಾದರೆ ಇನ್ನೂ ಹೆಚ್ಚು. ಹುಬ್ಬಳ್ಳಿಗೆ ವಿಮಾನ ಸಿಕ್ಕರೆ ಸ್ವಲ್ಪ ಉಳಿಯಬಹುದು, ಆದರೂ ಅಲ್ಲಿಂದ ಮತ್ತೆ ನೂರು ಕಿ.ಮೀ. ರಸ್ತೆ.

14,000 ಕಿ.ಮೀ.ಗೆ 17 ಗಂಟೆ, ಕೊನೆಯ 400 ಕಿ.ಮೀ.ಗೆ 9! ದೂರದ ಊರು ಯಾವುದು ಎಂದು ನನಗೇ ಅನುಮಾನ ಬಂತು. ನಮ್ಮ ಕಡೆಯಿಂದ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿಬಂದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. 'ಏನಾದ್ರೂ ಆದ್ರೆ ನನ್ನನ್ನ ಹೇಗೂ ಬೆಂಗಳೂರಿಗೇ ಕರ್ಕೊಂಡು ಹೋಗ್ತೀರಿ. ನೀನು ಅಲ್ಲಿಗೇ ಬಾ, ಬಸ್ಸಿನ ಒಂಬತ್ತು ಗಂಟೆ ಉಳೀತು' ಎಂದರು.

ಅಮ್ಮ ನಗಲಿಲ್ಲ. ಪೆನ್ನು ತಗೊಂಡು 33ನ್ನು ಹೊಡೆದುಹಾಕಿ ಪಕ್ಕದಲ್ಲಿ 24 ಎಂದು ಬರೆದಳು.