ಯಕೃತ್ತಿನೊಳಗೆ ಸೂಜಿಮೊನೆಯ ಶಾಖ

ಕಾಮಣಿಯಾದವರ ಮೈಗೆ ಕಾದ ಕಬ್ಬಿಣದಿಂದ ಚುಟಿಗೆ ಹಾಕಿಸುವ ರೂಢಿ ಧಾರವಾಡ ಸೀಮೆಗೆ ಹೊಸದಲ್ಲ. ಅದರಿಂದ ತೊಗಲು ಸುಟ್ಟೀತೇ ಹೊರತು ಒಳಗಿನ ಯಕೃತ್ತಿಗೆ ಯಾವ ಉಪಕಾರವೂ ಇಲ್ಲ. ಹೀಗಿರುವಾಗ, ಯಕೃತ್ತಿಗೆ ಹಬ್ಬಿದ ಕ್ಯಾನ್ಸರ್ ಗಡ್ಡೆಯನ್ನು ಸುಡಬಹುದೆಂದು ವೈದ್ಯರು ನುಡಿದರೆ ನಮ್ಮ ಕಡೆಯ ರೋಗಿ ಬೆಚ್ಚುವುದು ಸಹಜವೇ. ಎರಡರಲ್ಲಿಯೂ ಇರುವುದು ಶಾಖ. ಸಾಮ್ಯವು ಅಲ್ಲಿಗೇ ಮುಗಿಯಿತು.

ಕರುಳಿನ ರಕ್ತವು ಹೃದಯವನ್ನು ಸೇರುವ ಮುನ್ನ ಯಕೃತ್ತನ್ನು ಹಾದುಬರಬೇಕು. ದೊಡ್ಡ ಕರುಳಿನ ಕ್ಯಾನ್ಸರು ಮೊದಲು ಅಲ್ಲಿಯೇ ಬೀಡುಬಿಡುವುದು ಹೆಚ್ಚಾಗಿ ಈ ಕಾರಣದಿಂದ. ಕೊಯ್ದು ತೆಗೆಯಲು ಎಲ್ಲರಿಗೂ ಸಾಧ್ಯವಾಗುವುದಿಲ್ಲ.

ಅಬ್ಲೇಷನ್ ಎಂಬ ಈ ಚಿಕಿತ್ಸೆಯಲ್ಲಿ ಅಲ್ಟ್ರಾಸೌಂಡ್ ಇಲ್ಲವೆ ಸಿ.ಟಿ. ಚಿತ್ರವನ್ನು ನೋಡುತ್ತ ತೆಳ್ಳನೆಯ ಸೂಜಿಯನ್ನು ಗಡ್ಡೆಯ ನಡುವಿಗೆ ಇಳಿಸುತ್ತಾರೆ. ಸೂಜಿಯನ್ನು ಮೊದಲೇ ಕಾಯಿಸಿರುವುದಿಲ್ಲ. ಕ್ಷಣಕ್ಕೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ವಿದ್ಯುತ್ತು ಜೀವಕೋಶಗಳಲ್ಲಿಯ ಅಯಾನುಗಳನ್ನು ಅಲುಗಾಡಿಸುತ್ತದೆ. ಆ ಘರ್ಷಣೆಯೇ ಶಾಖ. ಇಂಥ ವಿದ್ಯುತ್ತು ಸ್ನಾಯುಗಳನ್ನು ಸೆಳೆಯದೆ ದೇಹದಲ್ಲಿ ಹರಿಯಬಲ್ಲದೆಂದು ಫ್ರಾನ್ಸಿನ ದಾರ್ಸೊನ್ವಾಲ್ 1891ರಲ್ಲಿಯೇ ತೋರಿಸಿದ್ದನು. ಅದು ಸೂಜಿಯ ಮೂಲಕ ಯಕೃತ್ತನ್ನು ಮುಟ್ಟಲು 1990 ಬರಬೇಕಾಯಿತು! ಮೈಕ್ರೋವೇವ್ ವಿಧಾನದಲ್ಲಿ ಅಲುಗುವುದು ನೀರಿನ ಅಣುಗಳು. ಶಾಖವು 60 ಡಿಗ್ರಿ ಸೆಲ್ಸಿಯಸ್ ಮೀರಿದರೆ ಗಡ್ಡೆಯ ಪ್ರೋಟೀನು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿ ಸಾಯುತ್ತದೆ. ಸುತ್ತಲಿನ ಅರ್ಧ ಸೆಂಟಿಮೀಟರಿನಷ್ಟು ಒಳ್ಳೆಯ ಭಾಗವನ್ನಾದರೂ ಕೂಡಿಯೇ ಸುಡಬೇಕು. ದೊಡ್ಡ ರಕ್ತನಾಳವು ಪಕ್ಕದಲ್ಲಿದ್ದರೆ ಹರಿಯುವ ರಕ್ತವು ಶಾಖವನ್ನು ಕೊಂಡೊಯ್ದು, ಗಡ್ಡೆಯ ಅಂಚು ಬದುಕಿ ಉಳಿಯುವ ಭಯವುಂಟು. ಪಿತ್ತನಾಳ, ಕರುಳುಗಳಿಗೆ ಬಿಸಿ ತಾಗುವ ಅಪಾಯವೂ ಇದೆ.

ಫಲವೇನು? ಶಸ್ತ್ರಕ್ರಿಯೆಗೆ ಒದಗದ ಗಡ್ಡೆಗಳಿದ್ದ 119 ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಔಷಧಿಯೊಡನೆ ಈ ಚಿಕಿತ್ಸೆಯನ್ನೂ ಪಡೆದವರ ಪೈಕಿ ಎಂಟು ವರ್ಷಗಳ ಬಳಿಕ ಬದುಕಿದ್ದವರು ಶೇಕಡಾ 36. ಔಷಧಿ ಮಾತ್ರ ಪಡೆದವರಲ್ಲಿ ಶೇಕಡಾ 9. 2025ರಲ್ಲಿ ಪ್ರಕಟವಾದ 'ಕೊಲಿಷನ್' ಪರೀಕ್ಷೆಯಂತೂ, 3 ಸೆಂಟಿಮೀಟರು ಮೀರದ ಗಡ್ಡೆಗಳಿಗೆ ಶಾಖವು ಶಸ್ತ್ರಕ್ಕಿಂತ ಕಡಿಮೆಯಲ್ಲವೆಂದೂ ಅದರ ತೊಂದರೆಗಳು ಅಲ್ಪವೆಂದೂ ಕಂಡಿತು. ಇವೆರಡೂ ದೊಡ್ಡ ಕರುಳು, ಗುದನಾಳಗಳಿಂದ ಹಬ್ಬಿದ ಗಡ್ಡೆಗಳ ಲೆಕ್ಕ. ಎಲ್ಲ ಕ್ಯಾನ್ಸರುಗಳಿಗೂ ಇದನ್ನೇ ಹೇಳಲಾಗದು. ಹತ್ತಾರು ಕಡೆ ಚೆದುರಿದ ದೊಡ್ಡ ಗಡ್ಡೆಗಳಿಗೆ ಇದು ಉಪಾಯವಲ್ಲ.

ಆದುದರಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ, 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋದವರು, 'ಯಕೃತ್ತಿಗೆ ಹಬ್ಬಿದೆ' ಎಂಬ ಮಾತು ಕೇಳಿದೊಡನೆ ಚಿತ್ರಗಳನ್ನು ಸುತ್ತಿಕೊಂಡು ಊರಿಗೆ ಮರಳಬಾರದು. ಗಡ್ಡೆಗಳೆಷ್ಟು, ಎಷ್ಟು ಸೆಂಟಿಮೀಟರಿನವು, ಯಾವ ರಕ್ತನಾಳದ ಬಳಿಯಲ್ಲಿವೆ ಎಂದು ಕೇಳಬೇಕು. ಸೂಜಿಯ ಸೌಕರ್ಯವೆಲ್ಲಿದೆಯೆಂದೂ ವಿಚಾರಿಸಬೇಕು. ಸುಟ್ಟ ಮೇಲೆಯೂ ಕೆಲವು ತಿಂಗಳಿಗೊಮ್ಮೆ ಚಿತ್ರ ತೆಗೆಯಿಸುವುದು ತಪ್ಪದು. ಅಂಚಿನಲ್ಲಿ ಮತ್ತೆ ಚಿಗುರಿದರೆ ಸೂಜಿಯನ್ನು ಇನ್ನೊಮ್ಮೆ ಇಳಿಸಲೂಬಹುದು.