ಜೂನ್‌ಟೀಂತ್: ತಡವಾಗಿ ಬಂದ ಬಿಡುಗಡೆಯ ಹಬ್ಬ

ಜೂನ್‌ಟೀಂತ್ ಅಮೆರಿಕದ ಕಪ್ಪು ಜನರು ಪ್ರತಿವರ್ಷ ಜೂನ್ 19ರಂದು ಆಚರಿಸುವ ಬಿಡುಗಡೆಯ ಹಬ್ಬ. ‘ಜೂನ್’, ‘ನೈಂಟೀಂತ್’ ಎಂಬ ಎರಡು ಪದಗಳು ಜನರ ಬಾಯಲ್ಲಿ ಬೆಸೆದುಕೊಂಡು ಈ ಹೆಸರು ಹುಟ್ಟಿತು. ಇದನ್ನು ಗುಲಾಮಗಿರಿ ಕೊನೆಗೊಂಡ ದಿನ ಎನ್ನುವುದುಂಟು. ನಿಜದಲ್ಲಿ ಇದು, ಎಂದೋ ಘೋಷಣೆಯಾಗಿದ್ದ ಬಿಡುಗಡೆ ಟೆಕ್ಸಾಸ್ ರಾಜ್ಯದಲ್ಲಿ ಜಾರಿಗೆ ಬಂದ ದಿನ.

ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ ಅಧ್ಯಕ್ಷ ಅಬ್ರಹಾಂ ಲಿಂಕನ್ ವಿಮೋಚನಾ ಘೋಷಣೆ ಹೊರಡಿಸಿದ್ದು 1863ರ ಜನವರಿ 1ರಂದು. ಬಂಡೆದ್ದ ದಕ್ಷಿಣದ ಪ್ರದೇಶಗಳಲ್ಲಿದ್ದ ಗುಲಾಮರು ಅಂದಿನಿಂದ ಸ್ವತಂತ್ರರು ಎಂದು ಅದು ಸಾರಿತು. ಆದರೆ ಉತ್ತರದ ಸೈನ್ಯ ಕಾಲಿಟ್ಟ ಕಡೆ ಮಾತ್ರ ಆ ಮಾತಿಗೆ ಬೆಲೆ. ದೂರದ ಟೆಕ್ಸಾಸ್‌ನತ್ತ ಸೈನ್ಯ ಬರಲಾರದೆಂದು ನಂಬಿದ ಅನೇಕ ತೋಟದ ಮಾಲೀಕರು ತಮ್ಮ ಗುಲಾಮರನ್ನು ಅಲ್ಲಿಗೇ ಸಾಗಿಸಿದರು. 1865ರ ಹೊತ್ತಿಗೆ ಆ ರಾಜ್ಯದಲ್ಲಿ ಸುಮಾರು 2.5 ಲಕ್ಷ ಗುಲಾಮರಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದ ಮೇಲೂ ಟೆಕ್ಸಾಸ್‌ನ ಹತ್ತಿ ಹೊಲಗಳಲ್ಲಿ ದುಡಿಮೆ ನಿಲ್ಲಲಿಲ್ಲ.

1865ರ ಜೂನ್ 19ರಂದು ಬಂದರು ನಗರ ಗ್ಯಾಲ್ವೆಸ್ಟನ್‌ನಲ್ಲಿ ಉತ್ತರದ ಸೈನ್ಯದ ಜನರಲ್ ಗಾರ್ಡನ್ ಗ್ರೇಂಜರ್ ‘ಸಾಮಾನ್ಯ ಆದೇಶ ಸಂಖ್ಯೆ 3’ ಹೊರಡಿಸಿದ. ಲಿಂಕನ್ ಘೋಷಣೆಯಾಗಿ ಆಗಲೇ ಎರಡೂವರೆ ವರ್ಷ ಕಳೆದಿತ್ತು. ಆದೇಶವೇನೋ ಚಿಕ್ಕದು, ಅದರೊಳಗಿನ ಮಾತು ಎರಡು ಬಗೆಯದು. ಗುಲಾಮರೆಲ್ಲ ಸ್ವತಂತ್ರರು, ಹಿಂದಿನ ಒಡೆಯರಿಗೂ ಅವರಿಗೂ ವೈಯಕ್ತಿಕ ಹಕ್ಕಿನಲ್ಲಿ, ಆಸ್ತಿಯ ಹಕ್ಕಿನಲ್ಲಿ ಸಂಪೂರ್ಣ ಸಮಾನತೆ ಎನ್ನುವುದು ಒಂದು. ಬಿಡುಗಡೆಯಾದವರು ಸದ್ದಿಲ್ಲದೆ ಇದ್ದಲ್ಲೇ ಇದ್ದು ಕೂಲಿಗೆ ದುಡಿಯಬೇಕು, ಸೇನಾ ಠಾಣೆಗಳ ಬಳಿ ಗುಂಪುಗೂಡಬಾರದು, ಸೋಮಾರಿತನಕ್ಕೆ ಆಸರೆ ಸಿಗದು ಎನ್ನುವುದು ಇನ್ನೊಂದು. ದೇಶದಾದ್ಯಂತ ಗುಲಾಮಗಿರಿಯನ್ನು ಕಾನೂನಿನಿಂದಲೇ ತೊಡೆದ ಸಂವಿಧಾನದ 13ನೇ ತಿದ್ದುಪಡಿ ಅಂಗೀಕಾರವಾದದ್ದು ಆ ವರ್ಷದ ಡಿಸೆಂಬರ್‌ನಲ್ಲಿ.

ಮರುವರ್ಷದಿಂದಲೇ ಟೆಕ್ಸಾಸ್‌ನ ಕಪ್ಪು ಜನರು ಜೂನ್ 19ನ್ನು ಹಬ್ಬವಾಗಿಸಿಕೊಂಡರು. ಅಡ್ಡಿಯಾದದ್ದು ಜಾಗ. ಬಿಳಿಯರ ಹಿಡಿತದಲ್ಲಿದ್ದ ಸಾರ್ವಜನಿಕ ಸ್ಥಳಗಳಲ್ಲಿ ಸೇರಲು ಅವಕಾಶವಿರದ ಕಾರಣ ಹಬ್ಬ ಹೊಳೆದಂಡೆಗಳಿಗೆ, ಚರ್ಚಿನ ಅಂಗಳಗಳಿಗೆ ಸರಿಯಿತು. 1872ರಲ್ಲಿ ಹ್ಯೂಸ್ಟನ್‌ನಲ್ಲಿ, ಒಂದು ಕಾಲಕ್ಕೆ ಗುಲಾಮರಾಗಿದ್ದ ಪಾದ್ರಿ ಜ್ಯಾಕ್ ಯೇಟ್ಸ್ ಮೊದಲಾದವರು ಮುಂದೆ ನಿಂತು ಚಂದಾ ಎತ್ತಿ, ಈ ಹಬ್ಬಕ್ಕೆಂದೇ 10 ಎಕರೆ ಜಮೀನು ಕೊಂಡರು. ಅದೇ ಇಂದಿನ ಎಮಾನ್ಸಿಪೇಷನ್ ಪಾರ್ಕ್. ವರ್ಣಭೇದದ ಕಾಲದಲ್ಲಿ, 1922ರಿಂದ 1940ರವರೆಗೆ, ಆ ನಗರದಲ್ಲಿ ಕಪ್ಪು ಜನರಿಗೆ ತೆರೆದಿದ್ದ ಸಾರ್ವಜನಿಕ ಉದ್ಯಾನ ಅದೊಂದೇ.

ಹಬ್ಬದ ದಿನ ಹೊಸ ಬಟ್ಟೆ ತೊಟ್ಟು ಮೆರವಣಿಗೆ ಹೊರಡುವುದು, ಪ್ರಾರ್ಥನೆ, ವಿಮೋಚನಾ ಘೋಷಣೆಯ ವಾಚನ, ಬೇಸ್‌ಬಾಲ್, ರೋಡಿಯೊ ಎಂಬ ಕುದುರೆ ಸವಾರಿಯ ಪಂದ್ಯಗಳು ಹಿಂದಿನಿಂದಲೂ ಬಂದ ಕ್ರಮ. ಊಟದಲ್ಲಿ ಎದ್ದು ಕಾಣುವುದು ಕೆಂಪು: ಕೆಂಡದ ಮೇಲೆ ನಿಧಾನವಾಗಿ ಬೆಂದ ಮಾಂಸ, ಕಲ್ಲಂಗಡಿ, ಕೆಂಪು ಕೇಕು, ಸ್ಟ್ರಾಬೆರಿ ಸೋಡಾ. ಗುಲಾಮಗಿರಿಯಲ್ಲಿ ಹರಿದ ರಕ್ತದ ನೆನಪು ಈ ಬಣ್ಣ ಎನ್ನುತ್ತಾರೆ. ಕೆಂಪು ಪಾನಕದ ಬೇರನ್ನು ಆಹಾರ ಇತಿಹಾಸಕಾರರು ಪಶ್ಚಿಮ ಆಫ್ರಿಕಾದಲ್ಲಿ ಕಾಣುತ್ತಾರೆ. ಅಲ್ಲಿ ಬಿಸ್ಸಾಪ್ ಎಂಬ ಪಾನಕವನ್ನು ಒಂದು ಬಗೆಯ ದಾಸವಾಳದ ಹೂವಿನ ಬುಡದ ಹುಳಿ ಪುಷ್ಪಪತ್ರಗಳನ್ನು ನೆನೆಸಿ ಮಾಡುತ್ತಾರೆ. ಆ ಗಿಡ ಬೇರೆಯದಲ್ಲ, ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆಗೆ ಪಲ್ಯವಾಗುವ ಪುಂಡಿಯೇ.

ಇಪ್ಪತ್ತನೆಯ ಶತಮಾನದಲ್ಲಿ ಕೆಲಸ ಹುಡುಕಿಕೊಂಡು, ವರ್ಣಭೇದದಿಂದ ತಪ್ಪಿಸಿಕೊಳ್ಳಲು ಲಕ್ಷಾಂತರ ಕಪ್ಪು ಜನರು ದಕ್ಷಿಣವನ್ನು ಬಿಟ್ಟರು. ಟೆಕ್ಸಾಸ್‌ನಿಂದ ಹೊರಟವರ ಗಂಟುಮೂಟೆಯೊಂದಿಗೆ ಹಬ್ಬವೂ ಲಾಸ್ ಏಂಜಲೀಸ್, ಓಕ್ಲಂಡ್‌ಗಳಿಗೆ ಹೋಯಿತು. ಗಡಿಯಾಚೆ ಮೆಕ್ಸಿಕೊದ ನಾಸಿಮಿಯೆಂತೊ ಹಳ್ಳಿಯಲ್ಲಿ, ಗುಲಾಮಗಿರಿಯಿಂದ ಓಡಿಹೋದವರ ವಂಶದ ಮಸ್ಕೊಗೊ ಜನರೂ ಇದೇ ದಿನವನ್ನು ಆಚರಿಸುತ್ತಾರೆ.

ಸರ್ಕಾರದ ಮನ್ನಣೆ ಮಾತ್ರ ನಿಧಾನಕ್ಕೆ ಬಂತು. ಶಾಸಕ ಆಲ್ ಎಡ್ವರ್ಡ್ಸ್ ಮಂಡಿಸಿದ ಮಸೂದೆಯಿಂದ 1979ರಲ್ಲಿ ಟೆಕ್ಸಾಸ್ ಇದನ್ನು ರಾಜ್ಯದ ರಜೆಯಾಗಿಸಿತು. ರಾಷ್ಟ್ರಮಟ್ಟದ ರಜೆಗಾಗಿ ಪಟ್ಟು ಹಿಡಿದವರಲ್ಲಿ ಮುಖ್ಯರಾದವರು ಫೋರ್ಟ್ ವರ್ತ್‌ನ ನಿವೃತ್ತ ಶಿಕ್ಷಕಿ ಓಪಲ್ ಲೀ. 1939ರ ಜೂನ್ 19ರಂದೇ, ಅವರಿಗೆ 12 ವರ್ಷವಿದ್ದಾಗ, ಬಿಳಿಯರ ಗುಂಪೊಂದು ಅವರ ಮನೆಯ ಮೇಲೆ ಬಿದ್ದು ಹಾಳುಗೆಡವಿತ್ತು. ಟೆಕ್ಸಾಸ್ ಕಾದ ಎರಡೂವರೆ ವರ್ಷದ ಲೆಕ್ಕಕ್ಕೆ ಅವರು ಎರಡೂವರೆ ಮೈಲಿ ನಡಿಗೆಯನ್ನು ರೂಢಿಗೆ ತಂದರು. 2016ರಲ್ಲಿ, 89ರ ವಯಸ್ಸಿನಲ್ಲಿ, ವಾಷಿಂಗ್ಟನ್‌ನತ್ತ ನಡಿಗೆ ಹೊರಟರು. 2021ರ ಜೂನ್ 17ರಂದು ಅಧ್ಯಕ್ಷ ಜೋ ಬೈಡನ್ ರಾಷ್ಟ್ರಮಟ್ಟದ ರಜೆಯ ಮಸೂದೆಗೆ ಸಹಿ ಹಾಕುವಾಗ ಅವರು ಅಲ್ಲಿದ್ದರು. ಪ್ರತಿನಿಧಿ ಸಭೆಯಲ್ಲಿ ಅದರ ಪರ 415, ವಿರುದ್ಧ 14 ಮತ ಬಿದ್ದಿದ್ದವು.

ಅದೇ ವರ್ಷ ಗ್ಯಾಲ್ವೆಸ್ಟನ್‌ನಲ್ಲಿ, ಗ್ರೇಂಜರ್‌ನ ಕಚೇರಿ ಇದ್ದ ಸ್ಥಳದ ಪಕ್ಕದ ಗೋಡೆಯ ಮೇಲೆ ಸುಮಾರು 5,000 ಚದರ ಅಡಿಯ ಚಿತ್ರವೊಂದು ಮೂಡಿತು. ಅದಕ್ಕಿಟ್ಟ ಹೆಸರು ಆದೇಶದಿಂದಲೇ ಆಯ್ದದ್ದು: ‘ಸಂಪೂರ್ಣ ಸಮಾನತೆ’. ಸದ್ದಿಲ್ಲದೆ ಇದ್ದಲ್ಲೇ ಇರಿ ಎಂದ ಸಾಲಿಗೆ ಆ ಹೆಸರಿನಲ್ಲಿ ಜಾಗ ಸಿಗಲಿಲ್ಲ.